ಪಾರ್ಕು ಖಾಲಿ ಜಾಗವಲ್ಲ

ಕೇಳುಗ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ಪಾರ್ಕಿನಲ್ಲಿ ದೊಡ್ಡ ಸಂಗೀತ ಮೇಳ ಬೇಡ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ತಿರುಗಿ ಒಂದು ಪ್ರಶ್ನೆ ಬರುತ್ತದೆ. "ನಿಮಗೆ ಹಾಡು ಅಂದ್ರೆ ಆಗಲ್ವಾ?" ಕಲಬುರಗಿಯವರಿಗೆ ಈ ಪ್ರಶ್ನೆ ಕೇಳಬಾರದು. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿಯಿಡೀ ಕೂತು ಹಾಡುವ ಊರುಗಳು ನಮ್ಮವು. ಒಂದು ಏಕತಾರಿ, ಒಂದು ಜೋಡಿ ತಾಳ ಇದ್ದರೆ ಬೆಳಕು ಹರಿದದ್ದೇ ಗೊತ್ತಾಗುವುದಿಲ್ಲ. ಖ್ವಾಜಾ ಬಂದೇ ನವಾಜರ ಉರುಸಿನಲ್ಲಿ ಕವ್ವಾಲಿ ಕೇಳುತ್ತಾ ಬೆಳೆದವರು ನಾವು. ಹಾಡಿನ ಮೇಲೆ ನಮಗೆ ಸಿಟ್ಟಿಲ್ಲ. ಟಿಕೆಟ್ ಮಾರುವ ಕಾರ್ಯಕ್ರಮಕ್ಕಾಗಿ ಎಲ್ಲರ ಪಾರ್ಕಿಗೆ ತಗಡು ಬಡಿಯುತ್ತಾರಲ್ಲ, ಸಿಟ್ಟಿರುವುದು ಅದರ ಮೇಲೆ.

ಕಾಗದದ ಮೇಲೆ ಅದು ಒಂದು ಸಂಜೆಯ ಕಾರ್ಯಕ್ರಮ. ನೆಲದ ಮೇಲೆ ಹಾಗಿರುವುದಿಲ್ಲ. ಹೋದ ಚಳಿಗಾಲದಲ್ಲಿ ನಮ್ಮ ಬಡಾವಣೆ ಹತ್ತಿರದ ಪಾರ್ಕಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಮೊದಲು ಕಬ್ಬಿಣದ ಕಂಬ ತುಂಬಿದ ಲಾರಿಗಳು ಬಂದವು. ಆಮೇಲೆ ತಗಡು ಬಂತು. ಮಕ್ಕಳ ಜೋಕಾಲಿ ಇರುವ ಮೂಲೆಯಿಂದ ಗೇಟಿನವರೆಗೆ ಆಳೆತ್ತರದ ತಗಡಿನ ಗೋಡೆ ಎದ್ದಿತು. ಜನರೇಟರ್ ಗಾಡಿಯನ್ನು ತಂದು ಬೇವಿನ ಮರದ ಬುಡದಲ್ಲೇ ನಿಲ್ಲಿಸಿದರು. ಅದರ ಹೊಗೆ ಕೊಳವೆ ನೇರ ಕೆಳಗಿನ ಕೊಂಬೆಗಳ ಕಡೆಗಿತ್ತು. ಲೈಟಿನ ವೈರು ಕಟ್ಟಲು ಕಾಂಡಕ್ಕೆ ಮೊಳೆ ಹೊಡೆದರು. ನಡೆಯುವ ದಾರಿಗೆ ಹಾಸಿದ್ದ ಶಹಾಬಾದ್ ಪರಸಿ ಲಾರಿಯ ಗಾಲಿಗೆ ಸಿಕ್ಕು ಅಡ್ಡಡ್ಡ ಸೀಳಿತು. ಹಾಡು ಒಂದೇ ರಾತ್ರಿ ಇತ್ತು, ನಿಜ. ಕಟ್ಟುವ ದಿನ, ಬಿಚ್ಚುವ ದಿನ, ಕಸ ಎತ್ತುವ ದಿನ ಎಲ್ಲ ಸೇರಿಸಿದರೆ ಪಾರ್ಕು ನಮ್ಮ ಕೈ ತಪ್ಪಿದ್ದು ಒಂದು ವಾರಕ್ಕೂ ಜಾಸ್ತಿ.

ಅದೇ ವಾರದ ಒಂದು ಬೆಳಗ್ಗೆ ದಿನಾಲೂ ಕೋಲು ಹಿಡಿದು ಬರುವ ಹಿರಿಯರೊಬ್ಬರು ಗೇಟಿನ ಮುಂದೆ ನಿಂತಿದ್ದರು. ಒಳಗೆ ಕಾವಲಿಗೆ ಇದ್ದದ್ದು ಇಪ್ಪತ್ತರ ಹುಡುಗ.

"ಮುತ್ಯಾ, ಬಂದ್ ಅದ ರೀ. ನಾಳಿಗಿ ಬರ್ರಿ."

"ನಿನ್ನೆನೂ ಇದೇ ಹೇಳಿದಿ ಅಲ್ಲೋ ತಮ್ಮಾ. ಡಾಕ್ಟರ್ ದಿನಾ ನಡೀಬೇಕು ಅಂದಾರ. ಎಲ್ಲಿ ನಡೀಲಿ?"

"ನನ್ ಕೈಯಾಗ ಏನದ ಹೇಳ್ರಿ ಮುತ್ಯಾ?"

ಆ ಹುಡುಗನ ಕೈಯಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. ಮುತ್ಯಾ ಸ್ವಲ್ಪ ಹೊತ್ತು ನಿಂತು, ಆಟೋ, ಬೈಕು, ಟಂಟಂ ಓಡಾಡುವ ರಸ್ತೆಯ ಅಂಚಿನಲ್ಲೇ ನಡೆಯುತ್ತಾ ಹೋದರು.

ಮೇಳ ಮಾಡುವವರ ಕಣ್ಣಿಗೆ ಪಾರ್ಕು ಖಾಲಿ ಜಾಗವಾಗಿ ಕಾಣುತ್ತದೆ. ಕಟ್ಟಡವಿಲ್ಲ, ಅಂಗಡಿಯಿಲ್ಲ, ಬಾಡಿಗೆಯೂ ಕಡಿಮೆ. ಆದರೆ ಅದು ಬೆಳಗಿನಿಂದ ರಾತ್ರಿವರೆಗೆ ಬಳಕೆಯಲ್ಲಿರುವ ಜಾಗ. ನಮ್ಮ ಬ್ಯಾಸಗಿ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ಬಂತು ಅಂದರೆ ಬಿಸಿಲು 42 ಡಿಗ್ರಿ ದಾಟುತ್ತದೆ. ತಗಡಿನ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇರುವವರು ಹೊತ್ತು ಮುಳುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗಬೇಕು? ಪಾರ್ಕಿಗೇ ಬರುತ್ತಾರೆ. ಹಳ್ಳಿಯಿಂದ ಬಂದು ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರು ಮರದ ನೆರಳಿನಲ್ಲಿ ಪುಸ್ತಕ ಹಿಡಿದು ಕೂರುತ್ತಾರೆ. ದಿನವಿಡೀ ಮನೆಗೆಲಸ ಮಾಡಿದ ಹೆಣ್ಣುಮಕ್ಕಳು ಅರ್ಧ ತಾಸು ಯಾರ ಹಂಗೂ ಇಲ್ಲದೆ ಕೂತು ಮಾತಾಡುವ ಜಾಗವೂ ಅದೇ. ದುಡ್ಡಿದ್ದವರಿಗೆ ಜಿಮ್ ಇದೆ, ಕ್ಲಬ್ ಇದೆ, ಮನೆ ಮುಂದೆ ಅಂಗಳವಿದೆ. ಗೇಟಿಗೆ ಬೀಗ ಬಿದ್ದರೆ ಏಟು ತಿನ್ನುವವರು ಬೇರೆ ಎಲ್ಲೂ ಜಾಗವಿಲ್ಲದ ಜನ. ನಾನು ವಿರೋಧಿಸುವುದು ಮುಖ್ಯವಾಗಿ ಇದಕ್ಕೇ. ಉಳಿದ ಮಾತೆಲ್ಲ ಆಮೇಲಿನದು.

ಈಗ ಸದ್ದಿನ ವಿಷಯ. ಶಬ್ದ ಮಾಲಿನ್ಯ ತಡೆಯಲು ನಮ್ಮ ದೇಶದಲ್ಲಿ 2000ನೇ ಇಸವಿಯಿಂದ ನಿಯಮಗಳಿವೆ. ಡೆಸಿಬಲ್ ಅಂದರೆ ಸದ್ದು ಅಳೆಯುವ ಮಾನ. ಜನ ವಾಸಿಸುವ ಪ್ರದೇಶದಲ್ಲಿ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ 10 ಗಂಟೆಯಿಂದ ಬೆಳಗ್ಗೆ 6ರವರೆಗೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಮಾಡಬಹುದು. ಅಲ್ಲಿ ಹಗಲು 50, ರಾತ್ರಿ 40. ದೊಡ್ಡ ವೇದಿಕೆಯ ಸ್ಪೀಕರ್ ಮುಂದೆ 100 ಡೆಸಿಬಲ್ ಸಾಮಾನ್ಯ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು ಇಳಿಯುವುದು ಸುಮಾರು 6 ಡೆಸಿಬಲ್ ಮಾತ್ರ. ನೀವೇ ಲೆಕ್ಕ ಹಾಕಿ. ಸ್ಪೀಕರ್‌ನಿಂದ 10 ಮೀಟರ್ ದೂರದಲ್ಲಿ 100 ಇದ್ದರೆ, 20 ಮೀಟರ್‌ಗೆ 94, 40ಕ್ಕೆ 88, 80ಕ್ಕೆ 82, 160ಕ್ಕೆ 76. ಮುನ್ನೂರು ಮೀಟರ್ ದಾಟಿದರೂ 70ರ ಆಸುಪಾಸಿನಲ್ಲೇ ಇರುತ್ತದೆ. ಅಷ್ಟು ದೂರದೊಳಗೆ ಎಷ್ಟು ಮನೆಗಳಿವೆ, ಎಷ್ಟು ನರ್ಸಿಂಗ್ ಹೋಮ್‌ಗಳಿವೆ!

ಇನ್ನೊಂದು ಸಂಗತಿ ಇದೆ. ಮೇಳಗಳು ಬಹುಪಾಲು ಚಳಿಗಾಲದಲ್ಲೇ ನಡೆಯುತ್ತವೆ, ಯಾಕಂದರೆ ಹವೆ ಚೆನ್ನಾಗಿರುತ್ತದೆ. ಆದರೆ ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ಬೇಗ ತಣ್ಣಗಾಗುತ್ತದೆ, ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಆಗ ಮೇಲೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಥಂಡಿಯಲ್ಲಿ ದೂರದ ಹಳ್ಳಿಯ ಭಜನೆ ನಿಮ್ಮ ಹೊಲದ ಗುಡಿಸಲಿಗೆ ಕೇಳಿಸಿದ್ದು ನೆನಪಿದೆಯಾ? ಅದೇ ಕಾರಣ. ಭಜನೆಯಾದರೆ ಕಿವಿಗೆ ಹಿತ. ಡಿಜೆ ಬೇಸ್, ಅಂದರೆ ಆ ದಪ್ಪ ದನಿಯ ಬಡಿತ ಆದರೆ ಮನೆಯ ಗೋಡೆಯೇ ನಡುಗುತ್ತದೆ. ಕಿಟಕಿ ಮುಚ್ಚಿದರೆ ಹಾಡುಗಾರನ ದನಿ ಕಡಿಮೆಯಾಗುತ್ತದೆ, ಬೇಸ್ ಮಾತ್ರ ಒಳಗೆ ಬಂದೇ ಬರುತ್ತದೆ. ಆ ರಾತ್ರಿ ನಮ್ಮ ಅಡುಗೆಮನೆಯ ಹಲಗೆ ಮೇಲೆ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಪ್ರತಿ ಬಡಿತಕ್ಕೂ ಕಿಣಿಕಿಣಿ ಅನ್ನುತ್ತಿದ್ದವು. ಪಕ್ಕದ ಮನೆಯಲ್ಲಿ ತಿಂಗಳು ತುಂಬದ ಕೂಸಿತ್ತು. ಬಾಣಂತಿ ರಾತ್ರಿಯಿಡೀ ಅದನ್ನು ತೋಳಲ್ಲಿ ಹಾಕಿಕೊಂಡು ಓಡಾಡಿದಳು.

ಮಣ್ಣಿನ ಬಗ್ಗೆಯೂ ಒಂದು ಮಾತು. ತೊಗರಿ ಬೆಳೆಯುವ ಎರೆ ಭೂಮಿಯ ಸ್ವಭಾವ ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಹಸಿ ಎರೆಯ ಮೇಲೆ ಗಾಡಿ ಹೋದರೆ ಅದು ಗಟ್ಟಿಯಾಗಿ ಕೂರುತ್ತದೆ. ಗಾಳಿ ಆಡುವುದಿಲ್ಲ, ಮುಂದೆ ನೀರೂ ಇಳಿಯುವುದಿಲ್ಲ. ಮರ ಆಹಾರ ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ ಎರಡಡಿ ಮಣ್ಣಿನಲ್ಲೇ ಹರಡಿರುತ್ತವೆ. ಲಾರಿ ತುಳಿಯುವುದು ಅದನ್ನೇ. ಮರ ಮರುದಿನ ಬೀಳುವುದಿಲ್ಲ. ಎರಡು, ಮೂರು ವರ್ಷ ಕಳೆದ ಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಆಗ ಮೇಳದವರನ್ನು ಯಾರೂ ಕೇಳುವುದಿಲ್ಲ.

ಇದು ನಮ್ಮೂರಿನ ತಕರಾರು ಮಾತ್ರವೂ ಅಲ್ಲ. ಲಂಡನ್ನಿನ ದಕ್ಷಿಣ ಭಾಗದಲ್ಲಿ ಬ್ರಾಕ್‌ವೆಲ್ ಪಾರ್ಕ್ ಅಂತ ಇದೆ. ಪ್ರತಿ ಬೇಸಿಗೆ ಅಲ್ಲಿ ಸಾಲು ಸಾಲು ಸಂಗೀತ ಮೇಳ. ಪಾರ್ಕಿನ ದೊಡ್ಡ ಭಾಗಕ್ಕೆ ಎತ್ತರದ ಗೋಡೆ ನಿಲ್ಲಿಸುತ್ತಾರೆ. ಸುತ್ತಲಿನವರು ಕೋರ್ಟಿಗೆ ಹೋದರು. ಇಂಥ ತಾತ್ಕಾಲಿಕ ಬಳಕೆ ವರ್ಷಕ್ಕೆ 28 ದಿನ ಮೀರಿದರೆ ಪೂರ್ಣ ಅನುಮತಿ ಬೇಕು ಅನ್ನುವುದು ಅಲ್ಲಿಯ ನಿಯಮ. ಹಾಡಿನ ದಿನಗಳನ್ನು ಮಾತ್ರ ಎಣಿಸಿದರೆ ಕಡಿಮೆಯೇ. ಕಟ್ಟುವ, ಬಿಚ್ಚುವ ದಿನಗಳನ್ನೂ ಸೇರಿಸಿದರೆ 37 ದಿನ ಆಗುತ್ತಿತ್ತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ನಿವಾಸಿಗಳ ಪರ ತೀರ್ಪು ಕೊಟ್ಟಿತು. ಸ್ಥಳೀಯ ಆಡಳಿತ ಮತ್ತೆ ಕಾಗದ ಸರಿಮಾಡಿಕೊಂಡು ಆ ವರ್ಷದ ಮೇಳ ನಡೆಯಲು ಬಿಟ್ಟೇ ಬಿಟ್ಟಿತು. ಆದರೂ ಬಿಚ್ಚುವ ದಿನವೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಗಟ್ಟಿಯಾಯಿತು. ನಾವೂ ಅದನ್ನೇ ಕೇಳಬೇಕು.

ನಮ್ಮ ರಾಜ್ಯದಲ್ಲೂ ಇದಕ್ಕಿಂತ ಹಳೆಯ ಉದಾಹರಣೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿದ್ದರು. ಆಸ್ಪತ್ರೆ ಅಂದರೆ ಒಳ್ಳೆಯದೇ ಅಲ್ವಾ? ಆದರೂ ನಿವಾಸಿಗಳು ಬಿಡಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿಯೇ ನಿಂತಿತು. ಜನರ ಪಾರ್ಕನ್ನು ಖಾಸಗಿಯವರ ಕೈಗೆ ಕೊಡುವಂತಿಲ್ಲ ಅಂತ ಹೇಳಿತು. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲಿಕ್ಕೇ ಅಂತ ಕರ್ನಾಟಕದಲ್ಲಿ 1985ರ ಕಾಯ್ದೆಯೂ ಇದೆ.

"ಹಾಗಾದರೆ ಹುಡುಗರು ಏನು ಮಾಡಬೇಕು?" ಅಂತ ನನ್ನ ತಂಗಿಯ ಮಗನೇ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಒಂದು ಒಳ್ಳೆಯ ಕಾರ್ಯಕ್ರಮ ನೋಡಲು ನಮ್ಮ ಹುಡುಗರು ಹೈದರಾಬಾದಿಗೋ ಬೆಂಗಳೂರಿಗೋ ಓಡಬೇಕು. ಅದು ಅನ್ಯಾಯವೇ. ವಾದ್ಯ ನುಡಿಸುವವರು, ಲೈಟು ಹಾಕುವವರು, ಮಿರ್ಚಿ ಭಜಿ ಮಾರುವವರು, ಎಲ್ಲರಿಗೂ ಅದರಲ್ಲಿ ನಾಲ್ಕು ಕಾಸಿದೆ. ಕಲಬುರಗಿಗೆ ದೊಡ್ಡ ಸಂಗೀತ ಬರಬೇಕು. ಬರಲಿ. ಅದಕ್ಕೆ ನೂತನ ವಿದ್ಯಾಲಯದ ಮೈದಾನ ಇದೆ. ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಇದೆ. ಚಿಕ್ಕ ಕಛೇರಿಗೆ ಡಾ. ಎಸ್.ಎಂ. ಪಂಡಿತ ರಂಗಮಂದಿರ ಇದೆ. ಅಲ್ಲೂ ಸದ್ದಿನ ನಿಯಮ ಇದ್ದೇ ಇದೆ, ಆದರೆ ಪಾರ್ಕಿಗೆ ಬೀಗ ಬೀಳುವುದಿಲ್ಲ. ಇನ್ನೂ ದೊಡ್ಡದಾದರೆ ಊರಾಚೆ ಹೋಗಬಹುದು. 2020ರ ಫೆಬ್ರವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಎಲ್ಲಿ ನಡೆಯಿತು? ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲಿ. ಮೂರು ದಿನ ಜನವೋ ಜನ. ಊರೊಳಗಿನ ಯಾವ ಪಾರ್ಕಿಗೂ ತಗಡು ಬಡಿಯಬೇಕಾಗಲಿಲ್ಲ. ಅಂಥ ಜಾಗಕ್ಕೆ ರಾತ್ರಿ ಬಸ್ಸು ಬಿಡಿ ಅಂತ ಹುಡುಗರು ಕೇಳಲಿ, ಅವರ ಜೊತೆ ನಾನೂ ಸಹಿ ಹಾಕುತ್ತೇನೆ.

ಇನ್ನು ಕೆಲವರು, "ಶರಣಬಸವೇಶ್ವರ ಜಾತ್ರೆಗೆ ಲಕ್ಷ ಜನ ಸೇರ್ತಾರೆ, ಅದಕ್ಯಾಕೆ ಸುಮ್ನಿರ್ತೀರಿ?" ಅನ್ನುತ್ತಾರೆ. ಜಾತ್ರೆಗೆ ಅದರದೇ ಜಾಗ ಇದೆ. ಟಿಕೆಟ್ ಇಲ್ಲ, ತಗಡಿಲ್ಲ, ತೇರು ಎಲ್ಲರದು. ಹಾಗಂತ ಜಾತ್ರೆಯಲ್ಲಾಗಲಿ, ಉರುಸಿನಲ್ಲಾಗಲಿ, ಗಣಪತಿ ಮೆರವಣಿಗೆಯಲ್ಲಾಗಲಿ ರಾತ್ರಿ ಹತ್ತರ ಮೇಲೆ ಮೈಕು ಕೂಗಿಸಬಹುದು ಅಂತ ನಾನು ಹೇಳುವುದಿಲ್ಲ. ರೋಗಿಯ ನಿದ್ದೆ ಎಲ್ಲ ಕಡೆಯೂ ಒಂದೇ. ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಹಬ್ಬಗಳಿಗೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಆ ವಿನಾಯಿತಿ ಇರುವುದು ಸಂಸ್ಕೃತಿ, ಧರ್ಮದ ಹಬ್ಬಗಳಿಗೆ. ಟಿಕೆಟ್ ಮಾರುವ ವ್ಯಾಪಾರಕ್ಕೆ ಅದನ್ನು ಹಂಚಬಾರದು.

ನಿಮ್ಮ ಓಣಿಯ ಪಾರ್ಕಿನಲ್ಲಿ ಇಂಥದ್ದು ನಡೆಯುತ್ತದೆ ಅಂತ ಸುದ್ದಿ ಬಂದರೆ, ಪೋಸ್ಟರ್ ಬೀಳುವ ಮುಂಚೆಯೇ ಎದ್ದೇಳಿ. ಅನುಮತಿ ಸಿಕ್ಕ ಮೇಲೆ ಕಷ್ಟ. ನಾಲ್ಕು ಮನೆಯವರು ಸೇರಿ ಒಂದೇ ಅರ್ಜಿ ಬರೆಯಿರಿ. ಪಾಲಿಕೆ ಆಯುಕ್ತರಿಗೆ ಒಂದು ಪ್ರತಿ, ಪೊಲೀಸ್ ಕಮಿಷನರ್ ಅವರಿಗೆ ಒಂದು, ಜಿಲ್ಲಾಧಿಕಾರಿಗೆ ಒಂದು. ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳೋದು ಮರೀಬೇಡಿ. ಪಾರ್ಕು ಒಟ್ಟು ಎಷ್ಟು ದಿನ ಮುಚ್ಚಿರುತ್ತದೆ, ಬಾಡಿಗೆ ಎಷ್ಟು, ಹಾಳಾದರೆ ಸರಿಮಾಡಲು ಎಷ್ಟು ಠೇವಣಿ ಇಟ್ಟಿದ್ದಾರೆ ಅಂತ ಅದರಲ್ಲಿ ಕೇಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಲಾರಿ ಒಳಗೆ ಬರುವ ಮುಂಚೆ ಹುಲ್ಲು, ಪರಸಿ, ಮರದ ಕಾಂಡ ಎಲ್ಲದರ ಫೋಟೋ ತೆಗೆದಿಡಿ. ಹೋದ ಮೇಲೆ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಕಾರ್ಯಕ್ರಮದ ರಾತ್ರಿ ಹತ್ತು ದಾಟಿಯೂ ಸ್ಪೀಕರ್ ನಿಲ್ಲದಿದ್ದರೆ 112ಕ್ಕೆ ಫೋನ್ ಮಾಡಿ. ಒಬ್ಬರೇ ಮಾಡಬೇಡಿ, ಓಣಿಯವರೆಲ್ಲ ಮಾಡಿ. ಯಾವ ಹೊತ್ತಿಗೆ ಮಾಡಿದಿರಿ ಅನ್ನೋದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅನುಮತಿ ಕೇಳಿ ಬಂದವರ ಅರ್ಜಿಯ ಜೊತೆ ಆ ಚೀಟಿಯೂ ಅಧಿಕಾರಿಯ ಮೇಜಿನ ಮೇಲೆ ಇರಬೇಕು.

ನಮಸ್ಕಾರ.