ಅಸ್ತಮಾ ಇದ್ದರೆ ಸ್ಟೀರಾಯ್ಡ್ ಇನ್ಹೇಲರ್ ತಪ್ಪಿಸಬೇಡಿ

ನಮಸ್ಕಾರ. ವರ್ಷಗಟ್ಟಲೆ ಸಿಗರೇಟ್ ಸೇದಿದವರು ಏದುಸಿರು ಬಿಡುತ್ತಾ ಬಂದರೆ ಸಿಓಪಿಡಿ (ಉಸಿರಿನ ಕೊಳವೆಗಳಲ್ಲಿ ಅಡಚಣೆ ಉಳಿದುಬಿಡುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಎಂದು ಬರೆದುಬಿಡುವುದು ಸುಲಭ. ಅದು ನಿಜವೇ ಇರಬಹುದು. ಆದರೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತಾ, ಧೂಳಿಗೆ ಸೀನು ಬರುತ್ತಾ, ನಡುರಾತ್ರಿ ಎದೆ ಬಿಗಿದು ಎಚ್ಚರವಾಗುತ್ತಾ ಅಂತ ಯಾರಾದರೂ ಕೇಳಿದರಾ? ಕೇಳದಿದ್ದರೆ ಜೊತೆಗಿರುವ ಅಸ್ತಮಾ ಕಣ್ಣಿಗೇ ಬೀಳುವುದಿಲ್ಲ.

ಅಸ್ತಮಾದಲ್ಲಿ ಉಸಿರಿನ ಕೊಳವೆಗಳು ಬಿಗಿಯುತ್ತವೆ, ಮತ್ತೆ ಸಡಿಲವಾಗುತ್ತವೆ. ಸಿಓಪಿಡಿಯಲ್ಲಿ ಅಡಚಣೆ ಪೂರ್ತಿ ಹೋಗುವುದೇ ಇಲ್ಲ. ಒಬ್ಬರಲ್ಲೇ ಎರಡೂ ಇರಬಹುದು.

ಇದನ್ನು ಗುರುತಿಸಲು ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿ ಉಸಿರು ಅಳೆಯುವ ಪರೀಕ್ಷೆ, ಬೇಕೇ ಬೇಕು. ಕೊಳವೆ ಸಡಿಲಿಸುವ ಔಷಧಿ ಎಳೆದುಕೊಳ್ಳುವ ಮೊದಲು ಊದಬೇಕು, ಆಮೇಲೆ ಮತ್ತೊಮ್ಮೆ ಊದಬೇಕು. ಔಷಧಿಯ ನಂತರವೂ ಮೊದಲ ಸೆಕೆಂಡಿನಲ್ಲಿ ಬರುವ ಗಾಳಿ ಒಟ್ಟು ಗಾಳಿಯ ಶೇ 70ಕ್ಕಿಂತ ಕಡಿಮೆ ಇದ್ದರೆ ಅಡಚಣೆ ಉಳಿದುಕೊಂಡಿದೆ ಎಂದರ್ಥ. ಆ ಮೊದಲ ಸೆಕೆಂಡಿನ ಗಾಳಿ ಔಷಧಿಯಿಂದ ಶೇ 12ರಷ್ಟು, ಜೊತೆಗೆ 200 ಮಿಲಿಲೀಟರ್ ಏರಿದರೆ ಅಸ್ತಮಾದ ಅನುಮಾನ ಬರಬೇಕು. ಸಿಓಪಿಡಿ ಇರುವ ಕೆಲವರಲ್ಲೂ ಇಷ್ಟು ಏರುತ್ತದೆ, ಹಾಗಾಗಿ ಒಂದೇ ದಿನದ ಪರೀಕ್ಷೆ ನೋಡಿ ತೀರ್ಪು ಕೊಡಬಾರದು. ರಕ್ತದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಮೈಕ್ರೋಲೀಟರಿಗೆ 300 ದಾಟಿದ್ದರೆ ಸ್ಟೀರಾಯ್ಡ್ ಕೆಲಸ ಮಾಡುವ ಸಾಧ್ಯತೆ ಜಾಸ್ತಿ.

ಎರಡೂ ಸೇರಿದ ಸ್ಥಿತಿಗೆ ಅಸ್ತಮಾ-ಸಿಓಪಿಡಿ ಓವರ್‌ಲ್ಯಾಪ್ ಎಂಬ ಹೆಸರೂ ಇತ್ತು. ಸಿಓಪಿಡಿ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಗೋಲ್ಡ್ 2020ರಲ್ಲಿ ಅದನ್ನು ಕೈಬಿಟ್ಟು, ಇವು ಎರಡು ಬೇರೆ ಕಾಯಿಲೆಗಳು, ಒಟ್ಟಿಗೆ ಇರಬಹುದು ಅಷ್ಟೇ ಎಂದಿತು. ಸರಿಯೇ. ನನ್ನ ಸಿಟ್ಟು ಇರುವುದು ಬೇರೆ ಕಡೆ. ಅಸ್ತಮಾ ಔಷಧಿಗಳ ಪ್ರಯೋಗಗಳಿಂದ ಸಿಗರೇಟ್ ಸೇದುವವರನ್ನು, ಸಿಓಪಿಡಿ ಪ್ರಯೋಗಗಳಿಂದ ಅಸ್ತಮಾ ಇರುವವರನ್ನು ಸಾಮಾನ್ಯವಾಗಿ ಹೊರಗಿಟ್ಟರು. ಎರಡೂ ಇರುವವರು ಎಲ್ಲಿಗೂ ಸೇರಲಿಲ್ಲ. ಅವರಿಗೆ ಯಾವುದು ಒಳ್ಳೆಯದು ಅನ್ನುವುದಕ್ಕೆ ಪುರಾವೆ ಕಡಿಮೆ ಇರುವುದು ಅದಕ್ಕೇ. ಇದು ಅನ್ಯಾಯ ಅಲ್ವಾ?

ಆದರೂ ಒಂದು ವಿಷಯದಲ್ಲಿ ಗೊಂದಲವಿಲ್ಲ. ಕೊಳವೆ ಸಡಿಲಿಸುವ, ದೀರ್ಘಕಾಲ ಕೆಲಸ ಮಾಡುವ ಇನ್ಹೇಲರ್ ಮಾತ್ರ ಕೊಟ್ಟರೆ ಸಿಓಪಿಡಿಯಲ್ಲಿ ನಡೆಯುತ್ತದೆ. ಅಸ್ತಮಾದಲ್ಲಿ ಅದು ಅಪಾಯ. ಉಸಿರು ಹಗುರಾದಂತೆ ಅನಿಸುತ್ತದೆ, ಒಳಗಿನ ಊತ ಹಾಗೇ ಇರುತ್ತದೆ, ದೊಡ್ಡ ಅಟ್ಯಾಕ್ ಬಂದರೆ ಜೀವಕ್ಕೇ ಕುತ್ತು. ಹಾಗಾಗಿ ಅಸ್ತಮಾದ ಗುರುತು ಇದ್ದರೆ ಇನ್ಹೇಲರ್‌ನಲ್ಲಿ ಆ ಊತ ಇಳಿಸುವ ಸ್ಟೀರಾಯ್ಡ್ ಇರಲೇಬೇಕು. ಸಿಓಪಿಡಿ ಇರುವವರಲ್ಲಿ ಇದರಿಂದ ನ್ಯುಮೋನಿಯಾ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ, ನಿಜ. ಅದಕ್ಕೆ ಡೋಸ್ ನೋಡಿ ಕೊಡಬೇಕು, ಔಷಧಿಯನ್ನೇ ನಿಲ್ಲಿಸಬಾರದು.

ನಿಮಗೆ ಎರಡೂ ಇದೆ ಅನಿಸಿದರೆ ಮುಂದಿನ ಸಲ ಎಲ್ಲ ಇನ್ಹೇಲರ್‌ಗಳನ್ನೂ ತೆಗೆದುಕೊಂಡು ಹೋಗಿ. ಇವುಗಳಲ್ಲಿ ಸ್ಟೀರಾಯ್ಡ್ ಯಾವುದರಲ್ಲಿದೆ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಅವರ ಮುಂದೆಯೇ ಒಮ್ಮೆ ಎಳೆದು ತೋರಿಸಿ, ಎಳೆಯುವ ರೀತಿ ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಇನ್ನೂ ಸಿಗರೇಟ್ ಸೇದುತ್ತಿದ್ದರೆ ಅದನ್ನೂ ಹೇಳಿ, ಬಿಡಲು ಸಹಾಯ ಕೇಳಿ.