ಪಣಪುಳಿಯೋ, ಪುನರ್ಪುಳಿಯೋ? ಕೊಡಗಿನ ತೋಟಕ್ಕೆ ಎರಡು ಹುಳಿಮರಗಳು

ಎಲ್ಲರಿಗೂ ನಮಸ್ಕಾರ. ಈ ಎರಡು ತಟ್ಟೆ ಒಂದು ಸುತ್ತು ಬರಲಿ. ನೋಡಿ, ಮೂಸಿ, ಬೇಕಾದರೆ ಚೂರು ಕಚ್ಚಿ. ಒಂದರಲ್ಲಿರುವುದು ಪುನರ್ಪುಳಿಯ ಒಣಸಿಪ್ಪೆ. ನೀರಿಗೆ ಹಾಕಿದರೆ ಕೆಂಪು ಬಿಡುತ್ತದೆ. ಇನ್ನೊಂದು ಪಣಪುಳಿಯದು, ಹಳೇ ಚಪ್ಪಲಿಯ ತೊಗಲಿನ ಹಾಗೆ ಕರ್ರಗಿದೆ, ಹೊಗೆ ವಾಸನೆ ಹೊಡೆಯುತ್ತದೆ. ತಾಜಾ ಹಣ್ಣೇ ತರಬಹುದಿತ್ತಲ್ಲ ಎನ್ನಬಹುದು. ಎರಡೂ ಹಣ್ಣು ಒಂದೇ ದಿನ ಕೈಗೆ ಸಿಗುವುದು ಅಪರೂಪ. ಪುನರ್ಪುಳಿ ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಪಣಪುಳಿ ಮಳೆ ಹಿಡಿದ ಮೇಲೆ, ಜೂನ್‌ನಿಂದ ಆಗಸ್ಟ್‌ವರೆಗೆ. ಇವತ್ತಿನ ಮಾತಿನ ಮುಕ್ಕಾಲು ಪಾಲು ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಮೊದಲು ಹೆಸರು ಬಿಡಿಸಿಕೊಳ್ಳೋಣ, ಗಿಡ ತರುವಾಗ ಮೋಸಹೋಗುವುದು ಇಲ್ಲಿಯೇ. ಘಟ್ಟದ ಬುಡದ ಸಂಪಾಜೆ ಕಡೆಯವರ ಪುನರ್ಪುಳಿಯೇ ಉತ್ತರ ಕನ್ನಡದ ಮುರುಗಲು, ಕೊಂಕಣದ ಕೋಕಂ. ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯಾ ಇಂಡಿಕಾ. ನಮ್ಮ ಪಣಪುಳಿ ಮಲೆನಾಡಿನ ಉಪ್ಪಾಗೆ, ಕೇರಳದ ಕುಡಂಪುಳಿ, ಗಾರ್ಸಿನಿಯಾ ಗಮ್ಮಿಗಟ್ಟಾ. ಪಂದಿಕರಿಗೆ, ಅಂದರೆ ಕೊಡವರ ಹಂದಿಮಾಂಸದ ಸಾರಿಗೆ, ಬೀಳುವ ಕಾಚಂಪುಳಿ ಇದರ ಬತ್ತಿಸಿದ ರಸ. ಹಣ್ಣು ಕಂಡರೆ ಗೊಂದಲವೇ ಇಲ್ಲ: ಪುನರ್ಪುಳಿ ನುಣುಪಾದ ಗುಂಡು, ಕೆಂಪಿನಿಂದ ಕಡುನೇರಳೆಗೆ ತಿರುಗುತ್ತದೆ. ಪಣಪುಳಿ ಹಳದಿ, ಪುಟ್ಟ ಸಿಹಿಗುಂಬಳದ ಹಾಗೆ ಏಣು ಏಣು. ಆದರೆ ಸಸಿಯಲ್ಲಿ ಎರಡೂ ಹೊಳೆಯುವ ಹಸಿರೆಲೆ, ಎರಡರಲ್ಲೂ ಹಳದಿ ಮೇಣ. ಪುನರ್ಪುಳಿಯ ಚಿಗುರಿಗೆ ಕೆಂಪು ಛಾಯೆ ಇರುತ್ತದೆ, ಅದೊಂದು ಗುರುತು.

ಎಲ್ಲಿ ಯಾವುದು? ಪುನರ್ಪುಳಿಗೆ ಹಣ್ಣಾಗುವಾಗ ಬಿಸಿಲು ಬೇಕು. ಸಂಪಾಜೆಯಂಥ ತಗ್ಗಿನ, ಸೆಕೆಯ ಜಾಗದಲ್ಲಿ ಮುಂಗಾರು ಕಾಲಿಡುವ ಮೊದಲೇ ಬಹುಪಾಲು ಕೊಯ್ಲು ಮುಗಿಯುತ್ತದೆ. ಮಡಿಕೇರಿ, ಭಾಗಮಂಡಲದ ಎತ್ತರದಲ್ಲಿ ಅದೇ ಮರ ನೆಟ್ಟರೆ ಬೆಳೆಯುತ್ತದೆ, ಹೂವೂ ಬಿಡುತ್ತದೆ, ಹಣ್ಣು ಮಾತ್ರ ತಡವಾಗಿ ಜೂನ್ ಮಳೆಗೆ ಸಿಕ್ಕಿ ಕೊಳೆಯುತ್ತದೆ. ಸಿಪ್ಪೆ ಒಣಗಿಸಲು ಬಿಸಿಲೂ ಇಲ್ಲ. ಪಣಪುಳಿಗೆ ಆ ತಕರಾರಿಲ್ಲ. ಅದು ಮಳೆಯಲ್ಲೇ ಹಣ್ಣಾಗಿ ಉದುರುವ ಮರ, ಎತ್ತರದ ಕಾಡಲ್ಲೂ ತಾನಾಗಿ ಇದೆ. ಹಾಗಾಗಿ ಮೇಲಿನ ಕೊಡಗಿಗೆ ಪಣಪುಳಿ, ಘಟ್ಟದ ಬುಡಕ್ಕೆ ಪುನರ್ಪುಳಿ ಎನ್ನುವುದು ನಮ್ಮ ಅಭಿಪ್ರಾಯ. ಕುಶಾಲನಗರದ ಒಣ ಬಯಲಿನವರು ಬೇಸಿಗೆಯಲ್ಲಿ ನೀರು ಕೊಡುವುದಾದರೆ ಮಾತ್ರ ಯೋಚಿಸಿ.

ಇನ್ನು ಗಂಡು-ಹೆಣ್ಣಿನ ವಿಷಯ. ಎರಡರಲ್ಲೂ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಬೀಜದ ಸಸಿ ನೆಟ್ಟರೆ ಸರಿಸುಮಾರು ಅರ್ಧ ಗಂಡಾಗುತ್ತವೆ. ಅದು ತಿಳಿಯುವುದು ಹೂ ಬಿಟ್ಟಾಗ, ಅಂದರೆ ಪುನರ್ಪುಳಿಯಲ್ಲಿ ಏಳೆಂಟು ವರ್ಷ, ಪಣಪುಳಿಯಲ್ಲಿ ಹತ್ತು ಹನ್ನೆರಡು ವರ್ಷ ಕಾದ ಮೇಲೆ. ಹೂವನ್ನು ಹತ್ತಿರದಿಂದ ನೋಡಿ: ನಡುವೆ ಕೇಸರಗಳ ಗುಪ್ಪೆ ಇದ್ದರೆ ಗಂಡು, ಹಸಿರು ಗುಂಡು ಅಂಡಾಶಯ ಇದ್ದರೆ ಹೆಣ್ಣು. ಇಷ್ಟು ಕಾಯುವುದರ ಬದಲು ಹೆಣ್ಣುಮರದ ಕಸಿಗಿಡ ತನ್ನಿ. ಪಣಪುಳಿ ಕಸಿ ಮೂರನೇ ವರ್ಷದಿಂದ, ಪುನರ್ಪುಳಿ ಕಸಿ ನಾಲ್ಕೈದು ವರ್ಷಕ್ಕೆ ಫಲಕ್ಕೆ ಬರುತ್ತದೆ. ಹತ್ತು ಹೆಣ್ಣಿಗೆ ಒಂದು ಗಂಡು ಮರೆಯಬೇಡಿ. ಪಕ್ಕದ ಕಾಡಲ್ಲಿ ಅದೇ ಜಾತಿಯ ಗಂಡುಮರ ಇದ್ದರೆ ಅದೂ ಆಯಿತು.

ಕಸಿಯಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಮೃದುಕಾಂಡ ಕಸಿಗೆ, ಅಂದರೆ ಸಸಿಯ ಎಳೆಯ ಕಾಂಡಕ್ಕೆ ಕಟ್ಟುವ ಕಸಿಗೆ, ಕುಡಿ ತೆಗೆಯುವಾಗ ನೆಟ್ಟಗೆ ಮೇಲಕ್ಕೆ ಹೋಗುವ ರೆಂಬೆಯ ತುದಿಯನ್ನೇ ತೆಗೆಯಬೇಕು. ಅಡ್ಡರೆಂಬೆಯ ಕುಡಿ ಕೈಗೆಟುಕುತ್ತದೆ ಎಂದು ಕಟ್ಟಿದರೆ ಕಸಿ ಹಿಡಿಯುತ್ತದೆ, ಆದರೆ ಗಿಡ ತನ್ನ ಹಳೇ ಚಾಳಿ ಬಿಡುವುದಿಲ್ಲ. ಅಡ್ಡಡ್ಡ ಹರಡಿ ನೆಲಕ್ಕೆ ಬಾಗುತ್ತದೆ, ಊರುಗೋಲು ಕೊಟ್ಟರೂ ಸರಿಯಾದ ಮರವಾಗುವುದಿಲ್ಲ. ಗಿಡ ಕೊಳ್ಳುವಾಗ ಕಸಿಯ ಗಂಟಿನ ಮೇಲಿನ ಭಾಗ ನೋಡಿ. ಎಲೆಜೋಡಿಗಳು ಕಾಂಡದ ನಾಲ್ಕು ಕಡೆಗೂ ತಿರುಗಿದ್ದರೆ ನೇರಕುಡಿ. ಎಲ್ಲವೂ ಒಂದೇ ಸಮತಟ್ಟಿಗೆ ಮಲಗಿದ್ದರೆ ಅಡ್ಡಕುಡಿ, ಬಿಟ್ಟುಬಿಡಿ.

ಬೇರುಗಿಡಕ್ಕೆ, ಅಂದರೆ ಕಸಿ ಕಟ್ಟಿಸಿಕೊಳ್ಳುವ ಬುಡದ ಸಸಿಗೆ, ಬೀಜ ಹಾಕುವವರು ಪುನರ್ಪುಳಿ ಬೀಜವನ್ನು ತೊಳೆದು, ನೆರಳಲ್ಲಿ ಆರಿಸಿ, ತಡಮಾಡದೆ ಊರಬೇಕು. ಪೂರ್ತಿ ಒಣಗಿದರೆ ಸಾಯುತ್ತದೆ. ಪಣಪುಳಿ ಬೀಜಕ್ಕೆ ನಿದ್ದೆ ಜಾಸ್ತಿ, ಮೊಳೆಯಲು ಐದರಿಂದ ಏಳು ತಿಂಗಳು. ಹೊರಗಿನ ಸಿಪ್ಪೆಯನ್ನು ಒಳಗಿನ ಬೇಳೆಗೆ ಗಾಯವಾಗದಂತೆ ಬಿಡಿಸಿ ಊರಿದರೆ ಬಹಳ ಬೇಗ ಮೊಳಕೆ ಬರುತ್ತದೆ.

ನೆಡುವುದು ಮುಂಗಾರು ಶುರುವಾದಾಗ, ಎರಡೂವರೆ ಅಡಿ ಉದ್ದ-ಅಗಲ-ಆಳದ ಗುಂಡಿಗೆ. ಪಣಪುಳಿ ಕಸಿಗೆ 4 ಮೀಟರ್, ಸಸಿಗೆ 7 ಮೀಟರ್, ಪುನರ್ಪುಳಿಗೆ 6 ಮೀಟರ್ ಅಂತರ. ಮೊದಲ ವರ್ಷ ಗಿಡವೊಂದಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರ, ವರ್ಷವರ್ಷ ಏರಿಸುತ್ತ ಹದಿನೈದನೇ ವರ್ಷಕ್ಕೆ 50 ಕಿಲೋ. ಕಸಿಗಂಟಿನ ಕೆಳಗೆ ಬರುವ ಚಿಗುರನ್ನು ಕೀಳದಿದ್ದರೆ ಬೇರುಗಿಡವೇ ಮೇಲೆದ್ದು ಕಸಿ ಸತ್ತುಹೋಗುತ್ತದೆ. ಮಳೆಗಾಲದಲ್ಲಿ ರೆಂಬೆಗೆ ಬಿಳಿ ನೂಲಿನಂಥ ಬೂಷ್ಟು ಹಬ್ಬಿ ಎಲೆ ಕಪ್ಪಾಗಿ ಜೋತಾಡಿದರೆ, ಕಾಫಿಯ ಕೊಳೆರೋಗಕ್ಕೆ ಮಾಡುವಂತೆಯೇ ಕತ್ತರಿಸಿ ಸುಟ್ಟು, ಶೇ. 1ರ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯಿರಿ. ಎರಡೂ ಎಲೆ ಉದುರಿಸದ ದಟ್ಟ ಮರಗಳು. ಕಾಫಿಯ ಮಧ್ಯೆ ನೆರಳುಮರವಾಗಿ ಬೇಡವೇ ಬೇಡ. ಬೇಲಿಸಾಲು, ತೋಡಿನ ದಂಡೆ, ಗದ್ದೆಯ ಅಂಚು ಸಾಕು.

ಬಳಕೆಯಲ್ಲಿ ಪುನರ್ಪುಳಿಯದು ಸುಲಭದ ದಾರಿ. ಒಂದು ಕಿಲೋ ಹಸಿ ಸಿಪ್ಪೆಗೆ ಎರಡು ಕಿಲೋ ಸಕ್ಕರೆ, ಪದರಪದರವಾಗಿ ಭರಣಿಗೆ ಹಾಕಿ ದಿನಾ ಅಲುಗಾಡಿಸುತ್ತ ವಾರ ಬಿಟ್ಟು ಸೋಸಿದರೆ ಶರಬತ್ತಿನ ಪಾಕ. ಬೀಜ ಎಸೆಯಬೇಡಿ. ಒಣಗಿಸಿ ಕುಟ್ಟಿ ನೀರಲ್ಲಿ ಕುದಿಸಿದರೆ ಮೇಲೆ ತುಪ್ಪ ತೇಲುತ್ತದೆ, ತಣಿದರೆ ಗಟ್ಟಿಯಾಗುತ್ತದೆ, ಒಡೆದ ಹಿಮ್ಮಡಿಗೆ ಅದಕ್ಕಿಂತ ಮದ್ದಿಲ್ಲ. ಉಪ್ಪಾಗೆ ಬೀಜದಿಂದಲೂ ಮಲೆನಾಡಿನವರು ತುಪ್ಪ ತೆಗೆಯುತ್ತಾರೆ. ನಮ್ಮಲ್ಲಿ ಅದು ಮಣ್ಣುಪಾಲು.

ಪಣಪುಳಿಯ ಸಿಪ್ಪೆಗೆ ಮಳೆಗಾಲದಲ್ಲಿ ಅಟ್ಟದ ಹೊಗೆಯೇ ಗತಿ. ಒಣಗಿದ ಮೇಲೆ ಕಿಲೋಗೆ 150 ಗ್ರಾಂ ಉಪ್ಪು, 50 ಮಿಲಿ ತೆಂಗಿನೆಣ್ಣೆ ತಿಕ್ಕಿಟ್ಟರೆ ಬೂಷ್ಟು ಬರುವುದಿಲ್ಲ. ಕಾಚಂಪುಳಿಗಾದರೆ ಉದುರಿದ ಕಳಿತ ಹಣ್ಣನ್ನೇ ಆರಿಸಬೇಕು, ಕಾಯಿ ರಸ ಬಿಡುವುದಿಲ್ಲ. ಬುಟ್ಟಿಗೆ ತುಂಬಿ, ಅಡಿಯಲ್ಲಿ ಪಾತ್ರೆ ಇಟ್ಟು, ತೊಟ್ಟಿಕ್ಕಿದ ರಸವನ್ನು ಕೆಲವು ದಿನ ಕೂಡಿಸಿ, ಸೋಸಿ, ಸಣ್ಣ ಉರಿಯಲ್ಲಿ ಬತ್ತಿಸುವುದು. ಮಡಕೆ ಅಥವಾ ಸ್ಟೀಲ್ ಪಾತ್ರೆ ಮಾತ್ರ. ಅಲ್ಯೂಮಿನಿಯಂ, ತಾಮ್ರವನ್ನು ಈ ಹುಳಿ ತಿಂದು ರಸಕ್ಕೆ ಇಳಿಸುತ್ತದೆ. ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಓರೆ ಮಾಡಿ: ನೀರಿನಂತೆ ಓಡಿದರೆ ಇನ್ನೂ ಬತ್ತಬೇಕು, ಜೇನಿನಂತೆ ಎಳೆದುಕೊಂಡು ಇಳಿದರೆ ಆಯಿತು. ಬೇಗ ಇಳಿಸಿದ್ದು ಬೂಷ್ಟು ಹಿಡಿಯುತ್ತದೆ, ತಡವಾಗಿ ಇಳಿಸಿದ್ದು ಸೀದು ಕಹಿಯಾಗುತ್ತದೆ. ಸರಿಯಾಗಿ ಬತ್ತಿದ್ದು ಗಾಜಿನ ಬಾಟಲಿಯಲ್ಲಿ ವರ್ಷಗಟ್ಟಲೆ ಇರುತ್ತದೆ.

ಇದನ್ನು ಕೊಡವ ವಿನೆಗರ್ ಎಂದು ಮಾರುತ್ತಾರೆ, ಆದರೆ ಇದರ ಮುಖ್ಯ ಹುಳಿ ವಿನೆಗರಿನ ಅಸಿಟಿಕ್ ಆಮ್ಲವಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಯ ಭರಾಟೆ ಎದ್ದದ್ದು ಇದರ ಹೆಸರಲ್ಲೇ. 1998ರಲ್ಲಿ ಅಮೆರಿಕದಲ್ಲಿ 12 ವಾರ ನಡೆದ ಪ್ರಯೋಗದಲ್ಲಿ ಮಾತ್ರೆ ತಿಂದವರಿಗೂ ಸುಳ್ಳುಮಾತ್ರೆ ತಿಂದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಈಗ ಬಾಟಲಿ ಕೊಳ್ಳುವವರಿಗೆ ಒಂದು ಮಾತು: ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಚುರ್ರೆಂದು ಹೊಡೆದರೆ ಅದು ಬಣ್ಣ ಹಾಕಿದ ವಿನೆಗರ್ ಎಂದು ಅನುಮಾನಿಸಿ. ಒಳ್ಳೆಯ ಕಾಚಂಪುಳಿ ಮೂಗಿಗೆ ಚುಚ್ಚುವುದಿಲ್ಲ, ನಾಲಗೆಗೆ ತಾಗಿದ ಮೇಲೆ ಹಲ್ಲು ಚಳಿಯುತ್ತದೆ.