ಸೈಟ್ ವ್ಯಾಲ್ಯೂ ಅಷ್ಟೇ: ಯಾದವಗಿರಿಯ ಒಂದು ಮನೆ ಮತ್ತು ಅದರ ಸುತ್ತಲಿನ ಜಾಗ

ಎಲ್ಲರಿಗೂ ನಮಸ್ಕಾರ. ಏಪ್ರಿಲ್ 18 ಬಂದರೆ ಹಳೇ ಮನೆ ಉಳಿಸಿ ಅನ್ನುವ ನಮ್ಮಂಥವರಿಗೆ ಸ್ವಲ್ಪ ಬೇಡಿಕೆ ಬರುತ್ತದೆ. ವಿಶ್ವ ಪರಂಪರೆ ದಿನ ಅಲ್ವಾ, ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ. 19ಕ್ಕೆ ಒಬ್ಬರೂ ಫೋನ್ ಮಾಡುವುದಿಲ್ಲ.

ಮೈಸೂರಿನಲ್ಲಿ ನಿಂತು ಪರಂಪರೆ ಅಂದ ತಕ್ಷಣ ಎಲ್ಲರ ಮುಖವೂ ಅರಮನೆ ಕಡೆ ತಿರುಗುತ್ತದೆ. ಇವತ್ತು ಅರಮನೆ ಬೇಡ. ಅದನ್ನು ನೋಡಿಕೊಳ್ಳುವುದಕ್ಕೆ ಜನ ಇದ್ದಾರೆ, ಬಲ್ಬು ಬದಲಾಯಿಸುವುದಕ್ಕೂ ಜನ ಇದ್ದಾರೆ. ನಾನು ಮಾತಾಡುವುದು ಮನೆಗಳ ಬಗ್ಗೆ. ಮುಂದೆ ಒಂದಿಷ್ಟು ಅಂಗಳ, ಪಕ್ಕದಲ್ಲಿ ಎರಡು ತೆಂಗು, ಹಿಂದೆ ಬಟ್ಟೆ ಒಣಗಿಸುವ ಜಾಗ ಇರುವ ಮನೆಗಳು. ಅದರಲ್ಲೂ ಒಂದು ಮನೆ, ನೀವೆಲ್ಲ ಬಲ್ಲದ್ದೇ, ಯಾದವಗಿರಿಯ ವಿವೇಕಾನಂದ ರಸ್ತೆಯಲ್ಲಿರುವ, ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆ.

ಸಮಯ ಮುಗಿದುಹೋಗುವ ಮೊದಲೇ ಮುಖ್ಯ ಮಾತು ಹೇಳಿಬಿಡುತ್ತೇನೆ. ಹಳೇ ಮನೆ ಕೆಡವುವವರು ಮನೆ ಕೊಳ್ಳುವುದಿಲ್ಲ. ಸುತ್ತ ಬಿಟ್ಟ ಜಾಗ ಕೊಳ್ಳುತ್ತಾರೆ. ಯಾವ ಬ್ರೋಕರ್ ಹತ್ತಿರ ಬೇಕಾದರೂ ಕೇಳಿ ನೋಡಿ. ‘ಮನೆ ಹಳೇದು ಸಾರ್, ಅದಕ್ಕೇನೂ ಬೆಲೆ ಇಲ್ಲ, ಸೈಟ್ ವ್ಯಾಲ್ಯೂ ಅಷ್ಟೇ’ ಅನ್ನುತ್ತಾರೆ. ತೇಗದ ಬಾಗಿಲು, ಮೆಟ್ಟಿಲಿನ ಕಟಕಟೆ, ಬಣ್ಣದ ಗಾಜು ಎಲ್ಲ ಸೇರಿ ಸೊನ್ನೆ. ಅಂಗಳದ ಅಳತೆ ಮಾತ್ರ ದುಡ್ಡು. ಹಾಗಿದ್ದ ಮೇಲೆ ನಾವು ಉಳಿಸಬೇಕಾದದ್ದು ಯಾವುದು? ನಾವು ಮಾತ್ರ ವರ್ಷಗಟ್ಟಲೆ ಬಾಗಿಲು ಕಿಟಕಿಯ ಫೋಟೋ ತೆಗೆಯುತ್ತಾ ಕೂತಿದ್ದೇವೆ.

ಈಗ ನಾರಾಯಣ್ ಮನೆಗೆ ಬರೋಣ. ಲಕ್ಷ್ಮೀಪುರಂನ ಬಾಡಿಗೆ ಮನೆಯಲ್ಲಿ ಅವರದು ದೊಡ್ಡ ಸಂಸಾರ. ತಾಯಿ, ಅಣ್ಣತಮ್ಮಂದಿರು, ಮಕ್ಕಳು, ಬಂದು ಹೋಗುವ ನೆಂಟರು. ಆ ಗಲಾಟೆಯಲ್ಲಿ ಕೂತು ಬರೆಯುವುದು ಎಲ್ಲಿ ಬರಬೇಕು? ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಊರಾಚೆ ಯಾದವಗಿರಿಯ ದಿಣ್ಣೆಯ ಮೇಲೆ ಜಾಗ ಮಾಡಿಕೊಂಡು ಮನೆ ಕಟ್ಟುವುದಕ್ಕೆ ಹೊರಟರು. ಊರಾಚೆ ಅಂದರೆ ನಗಬೇಡಿ. ಈಗ ಅದು ಊರಿನ ನಟ್ಟನಡುವೆ, ರೈಲ್ವೆ ಸ್ಟೇಷನ್ ಪಕ್ಕದಲ್ಲೇ. ಆಗ ಅಲ್ಲಿ ದನ, ಕುರಿ ಮೇಯುತ್ತಿದ್ದವು.

ಮಹಡಿಯ ಮೇಲೆ ಬರೆಯುವುದಕ್ಕೆ ಅಂತಲೇ ಒಂದು ಕೋಣೆ ಮಾಡಿಸಿದರು. ಅರ್ಧಚಂದ್ರದ ಹಾಗೆ ಹೊರಗೆ ಚಾಚಿಕೊಂಡ ಕೋಣೆ, ಅದಕ್ಕೆ ಎಂಟು ಕಿಟಕಿ. ದಕ್ಷಿಣಕ್ಕೆ ನೋಡಿದರೆ ಚಾಮುಂಡಿ ಬೆಟ್ಟ ಮತ್ತು ದೇವಸ್ಥಾನ. ಪೂರ್ವಕ್ಕೆ ಊರಿನ ಗೋಪುರ, ಗುಮ್ಮಟಗಳು. ನಡುವೆ ಹೊಗೆ ಬಿಟ್ಟುಕೊಂಡು ಹೋಗುವ ರೈಲು. ಬರೆಯುವವನಿಗೆ ಇನ್ನೇನು ಬೇಕು ಅಂತ ನಮಗೆಲ್ಲ ಅನ್ನಿಸುತ್ತದೆ. ನಮ್ಮಲ್ಲಿ ಅರ್ಧ ಜನ ಬರೆಯದೇ ಇರುವುದಕ್ಕೆ ಇಂಥ ಕೋಣೆ ಇಲ್ಲ ಅನ್ನುವುದೇ ತಾನೇ ಕಾರಣ!

ಆಮೇಲೆ ಆದದ್ದು ನನಗೆ ಬಹಳ ಇಷ್ಟದ ಕಥೆ. ಹೋದ ಕಡೆಯೆಲ್ಲ ಹೇಳುತ್ತೇನೆ, ಕೇಳಿದವರು ಇನ್ನೊಮ್ಮೆ ಕೇಳಿಸಿಕೊಳ್ಳಿ. ಕೋಣೆ ಆಯಿತು, ಮೇಜು ಬಂತು, ಕುರ್ಚಿ ಬಂತು, ಸಾಹೇಬರು ಕೂತರು. ಬರೆಯುವುದಕ್ಕೆ ಆಗಲಿಲ್ಲ. ಬೆಟ್ಟ ನೋಡುವುದು, ರೈಲು ನೋಡುವುದು, ಮೋಡ ನೋಡುವುದು, ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು. ಕೊನೆಗೆ ಏನು ಮಾಡಿದರು ಗೊತ್ತಾ? ಅಷ್ಟು ಆಸೆಪಟ್ಟು ಮಾಡಿಸಿದ ಕಿಟಕಿಗೆ ದಪ್ಪ ಪರದೆ ಹಾಕಿಬಿಟ್ಟರು. ಬೂದು ಬಣ್ಣದ ಪರದೆ. ಕಣ್ಣಿಗೆ ಅದಕ್ಕಿಂತ ಚೆಂದದ್ದು ಏನೂ ಬೀಳಬಾರದು ಅಂತ. ಆಮೇಲೆ ದಿನಕ್ಕೆ ಸಾವಿರ ಪದ ಬರೆದರಂತೆ. ಇದು ಯಾರೋ ಕಟ್ಟಿದ ದಂತಕಥೆ ಅಲ್ಲ, ಅವರೇ ಬರೆದುಕೊಂಡದ್ದು.

ಇದನ್ನು ಕೇಳಿದವರು ನಗುತ್ತಾರೆ. ಹಾಗಾದರೆ ಗೋಡೆಗೆ ಮುಖ ಮಾಡಿ ಕೂತಿದ್ದರೆ ಸಾಕಿತ್ತಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪರದೆ ಹಾಕಬೇಕಾದರೆ ಹಿಂದೆ ಬೆಟ್ಟ ಇರಬೇಕು. ಬೇಕು ಅಂದಾಗ ಸರಿಸಬಹುದು ಅನ್ನುವ ಧೈರ್ಯ ಇರಬೇಕು. ಈಗ ಆ ಬಡಾವಣೆಯಲ್ಲಿ ಹೊಸದಾಗಿ ಎದ್ದ ಎಷ್ಟು ಮನೆಗಳಲ್ಲಿ ಕಿಟಕಿ ತೆಗೆದರೆ ಪಕ್ಕದ ಮನೆಯ ಅಡುಗೆಮನೆ ಕಾಣುತ್ತದೆ, ಹೇಳಿ. ಅಲ್ಲೂ ಪರದೆ ಇದೆ. ಅದು ಬೇರೆ ಕಾರಣಕ್ಕೆ.

ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಯಾರಾದರೂ ಚೀಟಿ ಕಳಿಸುತ್ತೀರಿ. ಅವರ ಎಲ್ಲ ಕಾದಂಬರಿಗಳೂ ಈ ಕೋಣೆಯಲ್ಲಿ ಹುಟ್ಟಲಿಲ್ಲ. ‘ದಿ ಗೈಡ್’ ಬರೆದದ್ದು ಅಮೆರಿಕದ ಬರ್ಕ್‌ಲಿಯ ಒಂದು ಹೋಟೆಲ್ ರೂಮಿನಲ್ಲಿ. 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೇ. ಮತ್ತೆ, ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ನೋಡಿದ ಮನೆ ಇದಲ್ಲ, ಅದು ಆಗುಂಬೆಯ ದೊಡ್ಡಮನೆ. ಯಾದವಗಿರಿಗೆ ಬಂದು ‘ಸ್ವಾಮಿ ಕೂತಿದ್ದ ಜಗಲಿ ಎಲ್ಲಿ’ ಅಂತ ಕೇಳಬೇಡಿ.

ವಯಸ್ಸಾದ ಮೇಲೆ ನಾರಾಯಣ್ ಚೆನ್ನೈಗೆ ಹೋದರು, 2001ರಲ್ಲಿ ತೀರಿಕೊಂಡರು. ಮನೆ ಖಾಲಿ ಬಿತ್ತು. 2011ರಲ್ಲಿ ಮಾರಾಟದ ಸುದ್ದಿ ಬಂತು, ಒಡೆಯುವ ಕೆಲಸವೂ ಶುರುವಾಯಿತು. ಪತ್ರಿಕೆಗಳಲ್ಲಿ ಬಂದ ಮೇಲೆ ಎಲ್ಲರಿಗೂ ಎಚ್ಚರ ಆಯಿತು. ಕೆಲಸ ನಿಂತಿತು, ಪರಂಪರೆ ಕಟ್ಟಡ ಅಂತ ಆಯಿತು, ನಗರಪಾಲಿಕೆ ಕೊಂಡುಕೊಂಡಿತು, ರಿಪೇರಿ ಮಾಡಿಸಿ 2016ರಲ್ಲಿ ವಸ್ತುಸಂಗ್ರಹಾಲಯ ಮಾಡಿ ಬಾಗಿಲು ತೆಗೆಯಿತು. ಒಳಗೆ ಅವರ ಕೋಟು, ಕನ್ನಡಕ, ಫೋಟೋ, ಪುಸ್ತಕ ಇವೆ. ಮಾರುವುದಕ್ಕೆ ಹೊರಟ ಮನೆಯವರನ್ನು ಬೈದವರು ಆಗ ಬಹಳ ಜನ. ನಾನು ಬೈಯುವುದಿಲ್ಲ. ದೂರದ ಊರಲ್ಲಿ ಇರುವವರು ಖಾಲಿ ಮನೆ ಇಟ್ಟುಕೊಂಡು ತೆರಿಗೆ ಕಟ್ಟಿ, ತೆಂಗಿನಕಾಯಿ ಕಳ್ಳರನ್ನು ಕಾಯಬೇಕು ಅಂತ ಹೇಳುವುದಕ್ಕೆ ನಾವು ಯಾರು? ಅವರ ಮುಂದೆಯೂ ಇದ್ದದ್ದು ಅದೇ ಲೆಕ್ಕ. ಸೈಟ್ ವ್ಯಾಲ್ಯೂ.

ಇನ್ನೊಂದು ಜಗಳವೂ ಆಯಿತು, ಮರೆತಿರಲಾರಿರಿ. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಕನ್ನಡ ನಾಡಿನ ದುಡ್ಡು ಯಾಕೆ ಅಂತ ಕೆಲವು ಹಿರಿಯ ಸಾಹಿತಿಗಳೇ ಕೇಳಿದರು. ನಾರಾಯಣ್ ಹಸ್ತಪ್ರತಿಗಳೆಲ್ಲ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿವೆ, ಇಲ್ಲೇನಿದೆ ಅಂದರು. ಪ್ರಶ್ನೆಯಲ್ಲಿ ನ್ಯಾಯ ಇಲ್ಲ ಅನ್ನಲಾರೆ. ಕನ್ನಡದವರ ಎಷ್ಟು ಮನೆಗಳು ಹೋದವು ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಆದರೆ ನನಗೆ ಆ ಮನೆ ಬೇಕಾದದ್ದು ಬರೀ ನಾರಾಯಣ್ ಹೆಸರಿಗೆ ಅಲ್ಲ. 1950ರ ಹೊತ್ತಿನ ಮೈಸೂರಿನ ಮಧ್ಯಮ ವರ್ಗದ ಒಬ್ಬ ಮನುಷ್ಯ ಸ್ವಂತ ಮನೆ ಕಟ್ಟಿಕೊಂಡಾಗ ಎಷ್ಟು ಜಾಗ ಕಟ್ಟದೇ ಬಿಟ್ಟ, ಅದನ್ನು ನೋಡುವುದಕ್ಕೆ ನನಗೆ ಆ ಮನೆ ಬೇಕು. ಈ ಮಾತನ್ನು ಯಾವ ಭಾಷೆಯಲ್ಲಿ ಬರೆದರೂ ಅದೇ ಅರ್ಥ.

ಆ ಜಾಗ ಬಿಡುವ ಬುದ್ಧಿ ಎಲ್ಲಿಂದ ಬಂತು? ಪ್ಲೇಗಿನಿಂದ. 1898ರ ಆಚೀಚೆ ಪ್ಲೇಗು ಬಂದು ಹಳೇ ಊರಿನ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು. 1903ರಲ್ಲಿ ಮೈಸೂರಿಗೆ, ಹೊಸ ಬಡಾವಣೆ ಮಾಡುವುದಕ್ಕೆ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಅಗಲ ರಸ್ತೆ, ಹಿಂದೆ ಕಸ, ಕೊಳೆ ಸಾಗಿಸುವ ಕನ್ಸರ್ವೆನ್ಸಿ ಗಲ್ಲಿ, ಮನೆಮನೆಯ ನಡುವೆ ಗಾಳಿ ಬೆಳಕು. ತೋಟ ಅನ್ನುವುದು ಶೋಕಿಗೆ ಬಂದದ್ದಲ್ಲ ಸ್ವಾಮಿ, ಸಾವಿನ ಭಯಕ್ಕೆ ಬಂದದ್ದು. ಈಗ ಆ ಭಯ ಮರೆತಿದ್ದೇವೆ. ಹಿಂದಿನ ಗಲ್ಲಿಯನ್ನೂ ಸೇರಿಸಿ ಕಾಂಪೌಂಡ್ ಹಾಕಿಕೊಂಡ ಮಹಾನುಭಾವರು ಈ ಸಭೆಯಲ್ಲೂ ಇರಬಹುದು. ಹೆಸರು ಹೇಳುವುದಿಲ್ಲ, ಮುಂದಿನ ಸಾಲು ನಗುತ್ತಿದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿ, ಅದಕ್ಕೆ ಆಕಾಶವಾಣಿ ಅಂತ ಹೆಸರು ಬಂದ ಕಥೆ ಹೇಳಬೇಕು ಅಂತಿದ್ದೆ. ಕುವೆಂಪು ಅವರ ಮನೆ ಉದಯರವಿ ಬಗ್ಗೆ ಒಂದು ಪುಟ ಬರೆದುಕೊಂಡಿದ್ದೆ. ಎರಡನ್ನೂ ಬಿಡುತ್ತೇನೆ.

ಬೇಗ ಬೇಗ ಹೇಳುತ್ತೇನೆ. ಹಳೇ ಗಾರೆ ಗೋಡೆಗೆ ಸಿಮೆಂಟ್ ಬಳಿಯಬೇಡಿ, ಒಳಗಿನ ತೇವ ಹೊರಗೆ ಬರದೆ ಗೋಡೆ ಕೊಳೆಯುತ್ತದೆ. ಮಳೆಗಾಲಕ್ಕೆ ಮುಂಚೆ ತಾರಸಿ ಮೇಲೆ ಹತ್ತಿ ನೀರಿನ ದಾರಿ ನೋಡಿ. ಸಂದಿಯಲ್ಲಿ ಅರಳಿ ಗಿಡ ಕಂಡರೆ ಭಕ್ತಿ ಆಮೇಲೆ, ಮೊದಲು ಬೇರು ಸಮೇತ ಕೀಳಿ. 2012ರಲ್ಲಿ ನಮ್ಮೂರಿನ ಹಳೇ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ, ನಾರಾಯಣ್ ಮನೆ ತೆರೆದ ವರ್ಷವೇ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ನಿಗಾ ತಪ್ಪಿದರೆ ಕಟ್ಟಡಕ್ಕೆ ಬಿಲ್ಡರ್ ಬೇಕಾಗಿಲ್ಲ.

ಸರಕಾರಕ್ಕೆ ಒಂದೇ ಬೇಡಿಕೆ. ಪರಂಪರೆ ಪಟ್ಟಿಯಲ್ಲಿರುವ ಮನೆಯ ಖಾಲಿ ಜಾಗಕ್ಕೆ ತೆರಿಗೆ ಬಿಡಿ, ಕಟ್ಟದೇ ಉಳಿಸಿದ ಅಳತೆಗೆ ಬದಲಾಗಿ ಮಾಲೀಕರಿಗೆ ಇನ್ನೊಂದು ಕಡೆ ಕಟ್ಟುವ ಹಕ್ಕು ಕೊಡಿ. ಎಲ್ಲ ಮನೆಯನ್ನೂ ಪಾಲಿಕೆ ಕೊಳ್ಳುವುದಕ್ಕೆ ಆಗುವುದಿಲ್ಲ, ಎಲ್ಲ ಮನೆಯಲ್ಲೂ ಕೋಟು ಕನ್ನಡಕ ಇಡುವುದಕ್ಕೂ ಆಗುವುದಿಲ್ಲ. ಜನ ವಾಸ ಮಾಡಿಕೊಂಡೇ ಇರಬೇಕು, ಇದ್ದುದಕ್ಕೆ ನಷ್ಟ ಆಗಬಾರದು, ಇಷ್ಟೇ. ಪಾಲು ಆಗುವ ಮೊದಲೇ ಅಣ್ಣತಮ್ಮಂದಿರು ಕೂತು ಮಾತಾಡಿ, ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ಬೇಡ. ಮನೆಯ ಹಳೇ ನಕ್ಷೆ, ಲೈಸೆನ್ಸ್ ಕಾಗದ, ಮರಗಳ ಪಟ್ಟಿ ಇದ್ದವರು ದಯವಿಟ್ಟು ಹೊರಗೆ ಮೇಜಿನ ಹತ್ತಿರ ಸಿಗಿ, ಅಲ್ಲೇ ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇವೆ. ಕಾಫಿಯೂ ಅದೇ ಕಡೆ ಇದೆ. ನಮಸ್ಕಾರ.